ಮುಹೂರ್ತದ ಇಂಜೆಕ್ಷನ್

ಯಾವ ಕಥೆ ಹೇಳುವುದಿದ್ದರೂ ಅಲ್ಲಿ ಯಾರ್ಯಾರು ಇದ್ದರು ಅನ್ನುವುದನ್ನು ಮೊದಲು ಹೇಳು, ಇಲ್ಲದಿದ್ದರೆ ಕೇಳುವವರು ಹೊಸ್ತಿಲಲ್ಲೇ ನಿಂತಿರುತ್ತಾರೆ ಎಂದು ಗದಗಿನ ನಮ್ಮಜ್ಜಿ ಹೇಳುತ್ತಿದ್ದಳು. ಹಾಗಾಗಿ ಎಲ್ಲರನ್ನೂ ಒಳಗೆ ಕರೆದು ಕೂರಿಸಿಬಿಡುತ್ತೇನೆ.

ವಿಶಾಖಪಟ್ಟಣದಿಂದ ಅನಕಾಪಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ಔಷಧ ಕಂಪನಿ. ಅದರ ಪ್ರಯೋಗಾಲಯದ ಕೊನೆಯ ಕೋಣೆಯಲ್ಲಿ ಆ ಬೆಳಿಗ್ಗೆ ಹೊಸ ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದರೆ ಯಾವುದರಲ್ಲಿ ಏನೇನು ಬೆರೆತಿದೆ ಎಂದು ಹೇಳುವ ಯಂತ್ರಕ್ಕೆ, ಪೂಜೆ. ಉಪಕರಣದ ಮುಂದೆ ಬಾಳೆಎಲೆ, ಅದರ ಮೇಲೆ ತೆಂಗಿನಕಾಯಿ, ಹಣ್ಣು, ಒಂದು ಅಚ್ಚು ಅನಕಾಪಲ್ಲಿ ಬೆಲ್ಲ. ಕರ್ಪೂರವನ್ನು ಮಾತ್ರ ಹೊರಗೆ ವರಾಂಡದಲ್ಲಿ ಹಚ್ಚಬೇಕೆಂದು ಕರಾರಾಗಿತ್ತು. ಈ ಯಂತ್ರದ ಮೂಗು ಬಹಳ ಚುರುಕು. ಒಮ್ಮೆ ಕರ್ಪೂರದ ಹೊಗೆ ಕುಡಿದರೆ ಮುಂದೆ ಎಷ್ಟೋ ದಿನ ಯಾವ ಸ್ಯಾಂಪಲ್ ಕೊಟ್ಟರೂ ಅದನ್ನೇ ಹೇಳುತ್ತಿರುತ್ತದೆ. ಪುರೋಹಿತರಾದ ಪಂತುಲು ಗಾರು, ಅಂದರೆ ಪಂತುಲು ಅವರು, ಈ ಕರಾರಿಗೆ ಒಪ್ಪಿದ್ದರೂ ಮುಖ ಸ್ವಲ್ಪ ಗಂಟಾಗಿತ್ತು.

ಅವರ ಪಕ್ಕದಲ್ಲಿ ನಮ್ಮ ಪ್ರಯೋಗಾಲಯದ ಮುಖ್ಯಸ್ಥ ನರಸಿಂಹಮೂರ್ತಿ ಗಾರು, ಹಣೆಯ ತುಂಬ ವಿಭೂತಿ, ಅದರ ಕೆಳಗೆ ಬಿಳಿ ಕೋಟು. ಕಂಪ್ಯೂಟರಿನ ಮುಂದೆ ಚೆನ್ನೈಯಿಂದ ಬಂದ ಸರ್ವಿಸ್ ಎಂಜಿನಿಯರ್ ಸೆಲ್ವಂ. ಅವನ ಹಿಂದೆ ಪದ್ಮಜ, ನಮ್ಮಲ್ಲಿ ಕೆಲಸಕ್ಕೆ ಸೇರಿ ಇನ್ನೂ ಹೊಸದು, ಈ ಯಂತ್ರವನ್ನು ನಡೆಸಲು ಆರಿಸಲ್ಪಟ್ಟವಳು. ಹಬ್ಬದ ಸೀರೆಯ ಮೇಲೆ ಲ್ಯಾಬ್ ಕೋಟು ಹಾಕಿಕೊಂಡು, ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ನಿಂತಿದ್ದಳು. ಇನ್ನು ನಾನು, ಪಕ್ಕದ ಗ್ಯಾಸ್ ಕ್ರೊಮ್ಯಾಟೊಗ್ರಫಿ ವಿಭಾಗದವಳು, ಪ್ರಸಾದದ ತಟ್ಟೆ ಹಿಡಿದು.

ಮುಹೂರ್ತ ಹತ್ತೂವರೆಯೊಳಗೆ. ಅಷ್ಟರೊಳಗೆ ಮೊದಲ ಇಂಜೆಕ್ಷನ್ ಆಗಬೇಕು. ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಒಂದು ಹನಿ ದ್ರಾವಣವನ್ನು ಯಂತ್ರದೊಳಗೆ ಬಿಡುವುದೇ ಇಂಜೆಕ್ಷನ್. ಒಳಗೆ ಒಂದು ಸಣ್ಣ ಕೊಳವೆಯಲ್ಲಿ ಆ ಹನಿಯೊಳಗಿನ ವಸ್ತುಗಳು ಬೇರೆಬೇರೆಯಾಗಿ ಒಂದರ ಹಿಂದೊಂದು ಹೊರಬರುತ್ತವೆ, ಒಂದೊಂದಕ್ಕೂ ಪರದೆಯ ಮೇಲೆ ಒಂದೊಂದು ಗುಡ್ಡ ಏಳುತ್ತದೆ. ಗುಡ್ಡಕ್ಕೆ ನಾವು ಪೀಕ್ ಅನ್ನುತ್ತೇವೆ, ಅದು ನಿಂತ ನೆಲಕ್ಕೆ ಬೇಸ್‌ಲೈನ್. ಪಂಪು, ಸೂಜಿ, ಬಿಸಿ, ಗಾಳಿ ಎಲ್ಲಕ್ಕೂ ಅಪ್ಪಣೆ ಕೊಡುವುದು ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್. ಎಲ್ಲ ಸರಿಯಿದ್ದರೆ ಪರದೆಯಲ್ಲಿ ಹಸಿರು. ಆ ಬೆಳಿಗ್ಗೆ ಹಳದಿ. ನೈಟ್ರೋಜನ್ ಗಾಳಿಯ ಒತ್ತಡ ಸಾಲದು ಅಂತ ಅದರ ತಕರಾರು.

"ಎಷ್ಟು ಹೊತ್ತಯ್ಯಾ ಸೆಲ್ವಂ?" ಮೂರ್ತಿ ಗಾರು ಕೇಳಿದರು.

"ಪ್ರೆಷರ್ ಬರಬೇಕು ಸರ್. ನಾನು ಬಾಯಲ್ಲಿ ಊದೋಕಾಗತ್ತಾ?"

"ಊದು. ನಿಮ್ಮ ಕಂಪನಿ ಅದನ್ನ ಟ್ರೈನಿಂಗಲ್ಲಿ ಹೇಳಿಕೊಡಲಿಲ್ಲವಾ?"

ಎಲ್ಲರೂ ನಕ್ಕೆವು. ಗಡಿಯಾರ ಮಾತ್ರ ನಗಲಿಲ್ಲ. ಪಂತುಲು ಗಾರು ಇನ್ನೊಂದು ಗೃಹಪ್ರವೇಶಕ್ಕೆ ಹೊತ್ತಾಯಿತೆಂದು ಕಾಯಿ ಒಡೆದು, ಅಕ್ಷತೆ ಹಾಕಿ ಹೊರಟರು. ಕಂಪನಿಯ ಯಜಮಾನರು ಹೆಂಡತಿಯ ಜೊತೆ ಬರುತ್ತಿದ್ದಾರೆಂದು ಫೋನು ಬಂತು. ಅವರನ್ನು ಎದುರುಗೊಳ್ಳಲು ನಾನು ಗೇಟಿಗೆ ಹೋದೆ. ಆಮೇಲೆ ಕೋಣೆಯಲ್ಲಿ ನಡೆದದ್ದು ನನಗೆ ತಿಳಿದದ್ದು ಎರಡು ವರ್ಷವಾದ ಮೇಲೆ. ಆದರೆ ನಿಮ್ಮನ್ನು ಕಾಯಿಸುವುದಿಲ್ಲ, ಈಗಲೇ ಹೇಳುತ್ತೇನೆ.

ಹಸಿರು ಬರುವ ಹೊತ್ತಿಗೆ ಹತ್ತೂವರೆ ಆಗಲೇ ದಾಟಿತ್ತು. ನಮ್ಮ ಯಜಮಾನರದೊಂದು ಪದ್ಧತಿ: ಪ್ರತಿ ಹೊಸ ಯಂತ್ರದ ಮೊದಲ ಕ್ರೊಮ್ಯಾಟೊಗ್ರಾಮನ್ನು, ಅಂದರೆ ಆ ಗುಡ್ಡಗಳ ಚಿತ್ರವನ್ನು, ಮುದ್ರಿಸಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಚೌಕಟ್ಟು ಹಾಕಿಸಿ ಆಫೀಸಿನ ದೇವರ ಗೂಡಿನ ಪಕ್ಕ ತೂಗುಹಾಕುವುದು. ಆ ಕಾಗದದ ತಲೆಯ ಮೇಲೆ ಇಂಜೆಕ್ಷನ್ನಿನ ಹೊತ್ತು ಅಚ್ಚಾಗಿರುತ್ತದೆ. ಹೊತ್ತು ತಪ್ಪಿದ ಕಾಗದವನ್ನು ದೇವರ ಪಕ್ಕ ಹೇಗೆ ತೂಗುಹಾಕುವುದು?

"ಪ್ರಿಂಟ್ ಮೇಲೆ ಬೀಳೋ ಟೈಮ್ ಯಾವುದು?" ಎಂದು ಮೂರ್ತಿ ಗಾರು ಸೆಲ್ವಂನನ್ನು ಕೇಳಿದರಂತೆ.

"ಕಂಪ್ಯೂಟರ್ ಗಡಿಯಾರದ್ದು ಸರ್."

"ಆ ಗಡಿಯಾರ ಯಾರ ಕೈಲಿದೆ?"

"ಇವತ್ತಿನ ಮಟ್ಟಿಗೆ ನನ್ನ ಕೈಲೇ."

"ಒಂದು ಗಂಟೆ ಹಿಂದಕ್ಕೆ ಹಾಕು. ಪ್ರಿಂಟ್ ತೆಗೆದ ಮೇಲೆ ಮುಂದಕ್ಕೆ ಹಾಕಿಬಿಡು. ನಾವು ಹೊತ್ತಿಗೆ ಸರಿಯಾಗಿ ಕೂತಿದ್ದೆವು ಅಂತ ದೇವರಿಗೆ ಗೊತ್ತಲ್ಲ."

ಸೆಲ್ವಂ ಹಾಕಿದ. ಪದ್ಮಜ ತನ್ನ ಹೆಸರು, ತನ್ನ ಪಾಸ್‌ವರ್ಡ್ ಕೊಟ್ಟು ಇಂಜೆಕ್ಷನ್ ಮಾಡಿದಳು. ಕಾಗದ ಬಂತು, ಯಜಮಾನರು ಬಂದರು, ಅರಿಶಿನ ಹಚ್ಚಿದರು. ಆ ಸಂಭ್ರಮದಲ್ಲಿ ಮೂರ್ತಿ ಗಾರು ಪದ್ಮಜಳಿಗೆ, "ಯಂತ್ರ ಬಿಸಿಯಾಗಿರುವಾಗಲೇ ಆ ಬಿ.ಪಿ. ಮಾತ್ರೆಯ ಸ್ಯಾಂಪಲ್ಲೂ ಹಾಕಿಬಿಡಮ್ಮಾ" ಎಂದರು. ಅವಳು ತಕ್ಕಡಿಯಲ್ಲಿ ತೂಗಿ, ಕರಗಿಸಿ, ಹಾಕಿದಳು. ಸೆಲ್ವಂ ಪ್ರಸಾದದ ಪುಳಿಹೋರ, ನಮ್ಮ ಪುಳಿಯೋಗರೆ, ತಿನ್ನಲು ಹೋಗಿದ್ದ. ತಿಂದು ಬಂದು ಗಡಿಯಾರವನ್ನು ಮುಂದಕ್ಕೆ ಹಾಕುವಷ್ಟರಲ್ಲಿ ಸ್ಯಾಂಪಲ್ ಮುಗಿದಿತ್ತು. ಫಲಿತಾಂಶ ಚೆನ್ನಾಗಿತ್ತು. ಮೂರ್ತಿ ಗಾರು ಸಹಿ ಹಾಕಿದರು. ಎಲ್ಲರೂ ಮರೆತರು.

ಮೂರ್ತಿ ಗಾರಂಥ ಮನುಷ್ಯ ಇಂಥ ಕೆಲಸ ಮಾಡಿದರು ಅಂದರೆ ಅವರನ್ನು ಬಲ್ಲವರು ನಂಬುವುದಿಲ್ಲ. ಅದಕ್ಕೆ ಅವರ ಬಗ್ಗೆ ಸ್ವಲ್ಪ ಹೇಳಬೇಕು.

ನಮ್ಮವರು, ಅಂದರೆ ನನ್ನ ಗಂಡ, ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿಯಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದವರು. ನಾನು ಎಂ.ಎಸ್ಸಿ. ಮಾಡಿಕೊಂಡು ಮನೆಯಲ್ಲಿದ್ದೆ. ತೆಲುಗು ಒಂದಕ್ಷರ ಬಾರದು. ಸಂದರ್ಶನಕ್ಕೆ ಹೋದಾಗ ಮೂರ್ತಿ ಗಾರು ನನ್ನ ಅರ್ಜಿಯಲ್ಲಿ ಧಾರವಾಡ ಎಂಬುದನ್ನು ನೋಡಿ, ತಲೆಯೆತ್ತಿ, "ಊಟ ಆಯ್ತೇನೇ?" ಅಂದರು. ನಾನು ಬೆಪ್ಪಾದೆ. ಆಮೇಲೆ ತಿಳಿಯಿತು, ಅವರ ತಾಯಿ ಬಳ್ಳಾರಿಯವರು, ತಂದೆ ತೆಲುಗರು. ಅವರಿಗೆ ಬರುತ್ತಿದ್ದ ಕನ್ನಡವೆಲ್ಲ ತಾಯಿ ಮಗನಿಗೆ ಆಡಿದ ಕನ್ನಡ. ತೆಲುಗಿನಲ್ಲಿ ಕಸ ಗುಡಿಸುವವರಿಗೂ ಬಹುವಚನ ಕೊಡುತ್ತಿದ್ದ ಮನುಷ್ಯ ಕನ್ನಡಕ್ಕೆ ಬಂದರೆ ಊಟ, ಸ್ನಾನ, ಬೈಗುಳ, ಮುದ್ದು, ಅಷ್ಟೇ. ಇಡೀ ರಸಾಯನಶಾಸ್ತ್ರವನ್ನು ನನಗೆ ಅವರು ಆ ಕನ್ನಡದಲ್ಲೇ ಕಲಿಸಿದರು. ದ್ರಾವಣವನ್ನು ಸೋಸದೆ ಪಂಪಿಗೆ ಕೊಟ್ಟರೆ, "ಮಗೂಗೆ ಕಲ್ಲು ಅನ್ನ ತಿನ್ನಿಸ್ತೀಯೇನೇ?" ಅನ್ನುತ್ತಿದ್ದರು.

ಆಗ ಸಾಫ್ಟ್‌ವೇರ್ ಇರಲಿಲ್ಲ. ಕಾಗದದ ಸುರುಳಿಯ ಮೇಲೆ ಪೆನ್ನು ಓಡಿ ಗುಡ್ಡ ಬರೆಯುತ್ತಿತ್ತು. ಆ ಗುಡ್ಡವನ್ನು ನಾವು ಕತ್ತರಿಯಿಂದ ಕತ್ತರಿಸಿ ತಕ್ಕಡಿಯಲ್ಲಿ ತೂಗುತ್ತಿದ್ದೆವು. ಕಾಗದದ ತೂಕವೇ ಔಷಧದ ಲೆಕ್ಕ. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಮಳೆಗಾಲದಲ್ಲಿ ಸಮುದ್ರದ ಗಾಳಿಗೆ ಕಾಗದ ತೇವವಾಗಿ ತೂಕ ಏರುತ್ತಿತ್ತು. ನಮ್ಮಲ್ಲೊಬ್ಬ ಅದನ್ನು ತಿಳಿಯದೆ ಆ ಆಷಾಢದ ಮಾತ್ರೆಗಳೆಲ್ಲ ವಿಶೇಷ ಶಕ್ತಿಶಾಲಿ ಎಂದು ವರದಿ ಕೊಟ್ಟಿದ್ದ. ಮೂರ್ತಿ ಗಾರು ಆ ವರದಿಯನ್ನು ಓದಿ, "ಇಷ್ಟು ಒಳ್ಳೆ ಮಾತ್ರೆ ಮಾಡೋ ಶಕ್ತಿ ನಮ್ಮ ಕಂಪನಿಗೆ ಇಲ್ಲಯ್ಯಾ, ಹೋಗಿ ಕಾಗದ ಒಣಗಿಸಿ ತೂಗಿ" ಎಂದರು. ಇಸ್ತ್ರಿಪೆಟ್ಟಿಗೆ ತಂದು ಕ್ರೊಮ್ಯಾಟೊಗ್ರಾಮುಗಳಿಗೆ ಇಸ್ತ್ರಿ ಹಾಕಿದ್ದು ನಾನು.

ಆಮೇಲೆ ಲೆಕ್ಕ ಹಾಕುವ ಸಣ್ಣ ಪೆಟ್ಟಿಗೆಗಳು ಬಂದವು, ಆಮೇಲೆ ಕಂಪ್ಯೂಟರು. ಮೊದಲ ಸಾಫ್ಟ್‌ವೇರ್ ಬಂದ ದಿನ ನಮಗೆಲ್ಲ ಗುಲಾಮನೊಬ್ಬ ಸಿಕ್ಕಷ್ಟು ಖುಷಿ. ಸಂಜೆ ಸ್ಯಾಂಪಲ್ಲುಗಳನ್ನು ಸಾಲಾಗಿ ಇಟ್ಟು, ಯಾವುದಾದ ಮೇಲೆ ಯಾವುದು ಅಂತ ಹೇಳಿ ಮನೆಗೆ ಹೋದರೆ ಬೆಳಿಗ್ಗೆ ಎಲ್ಲ ಸಿದ್ಧ. ಆದರೆ ಗುಲಾಮ ಹೇಳಿದ್ದನ್ನಷ್ಟೇ ಮಾಡುತ್ತಾನೆ. ದ್ರಾವಣದ ಬಾಟಲಿ ತುಂಬಿದೆ ಅಂತ ನಾವು ಒತ್ತಿದರೆ ತುಂಬಿದೆ ಅಂತಲೇ ತಿಳಿದು ಖಾಲಿ ಬಾಟಲಿಯಿಂದ ಗಾಳಿ ಎಳೆದೆಳೆದು ಪಂಪನ್ನು ಸುಡುತ್ತಾನೆ. ನಮ್ಮಲ್ಲಿ ಹಾಗೆ ಸುಟ್ಟ ಪಂಪು ಬಹಳ ದಿನ ಕಾಗದ ಹಾರದಂತೆ ಇಡುವ ಕಲ್ಲಾಗಿ ಮೂರ್ತಿ ಗಾರ ಮೇಜಿನ ಮೇಲಿತ್ತು. ಹೊಸಬರು ಬಂದಾಗ ಅದನ್ನೇ ಅವರ ಕೈಗೆ ಕೊಟ್ಟು, "ಇದು ಹೇಳಿದ ಮಾತು ಕೇಳಿ ಸತ್ತಿದ್ದು" ಅನ್ನುತ್ತಿದ್ದರು.

ಇನ್ನೊಂದು ಅಪಾಯ ಇಲಿಯದು, ಅಂದರೆ ಮೌಸಿನದು. ಪೀಕಿನ ಕೆಳಗಿನ ಗೆರೆಯನ್ನು ಮೌಸಿನಿಂದ ಹಿಡಿದು ಎಲ್ಲಿ ಬೇಕಾದರೂ ಎಳೆಯಬಹುದು. ಗೆರೆ ಸ್ವಲ್ಪ ಮೇಲೆ ಬಂದರೆ ಪೀಕು ಚಿಕ್ಕದಾಗುತ್ತದೆ, ಮಿತಿ ಮೀರಿದ ಕಲ್ಮಶ ಮಿತಿಯೊಳಗೆ ಬಂದು ಕೂರುತ್ತದೆ. ಹಾಗೆ ಒಬ್ಬ ಕೂದಲೆಳೆಯಷ್ಟು ಎಳೆದಿದ್ದನ್ನು ಕಂಡು ಮೂರ್ತಿ ಗಾರು ಇಡೀ ಸ್ಯಾಂಪಲ್ಲಿನ ಕೆಲಸವನ್ನು ಮೊದಲಿನಿಂದ ಮಾಡಿಸಿದರು. ಕೂಗಲಿಲ್ಲ. ನಮ್ಮೆಲ್ಲರನ್ನೂ ಕರೆದು, ಪದ್ಮಜಳೂ ಆಗ ಇದ್ದಳು, ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪರದೆ ತೋರಿಸಿ ತೆಲುಗಿನಲ್ಲೊಮ್ಮೆ ಹೇಳಿ ನನ್ನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದರು: "ಇದು ನೆಲ ಕಣೇ. ಗೋಡೆ ಗಿಡ್ಡ ಕಾಣಲಿ ಅಂತ ನೆಲಾನ ಎತ್ತಬಾರದು."

ಅಂಥವರು. ಆದರೆ ಅವರು ಕಲಿತ ಕಾಲದಲ್ಲಿ ಗಡಿಯಾರ ಗೋಡೆಯ ಮೇಲಿತ್ತು, ಯಂತ್ರದೊಳಗೆ ಇರಲಿಲ್ಲ. ಹೊತ್ತನ್ನು ನಾವು ಪೆನ್ನಿನಿಂದ ಬರೆಯುತ್ತಿದ್ದೆವು, ಅಂದಾಜಿನ ಮೇಲೆ. ಪೀಕು ಸತ್ಯ, ತೂಕ ಸತ್ಯ, ನೆಲ ಸತ್ಯ. ಹೊತ್ತು ಪಂಚಾಂಗಕ್ಕೆ ಸೇರಿದ್ದು.

ಅವರು ನಿವೃತ್ತರಾಗಿ ವಿಜಯವಾಡಕ್ಕೆ ಹೋದರು. ಅವರ ಕುರ್ಚಿಗೆ ನಾನು ಬಂದೆ. ಆಮೇಲೆ ಬಂತು ತಪಾಸಣೆ.

ದೂರದ ದೇಶದ ಔಷಧ ಇಲಾಖೆಯಿಂದ ಬಂದ ತನಿಖಾಧಿಕಾರಿ, ನರೆಗೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ ಒಬ್ಬ ಹೆಂಗಸು. ಸಕ್ಕರೆಯಿಲ್ಲದ ಚಹಾ, ಮೆಲ್ಲಗಿನ ಮಾತು. ಇಂಥವರು ಕೂಗಾಡುವವರಿಗಿಂತ ಕಷ್ಟ ಎಂಬುದನ್ನು ಮುಂದೆ ಈ ಕೆಲಸಕ್ಕೆ ಬರುವವರು ಬರೆದಿಟ್ಟುಕೊಳ್ಳಿ. ಆಕೆ ಕೇಳಿದ್ದು ಇಷ್ಟೇ: "ಈ ಯಂತ್ರ ಕೆಲಸ ಶುರುಮಾಡಿದ ದಿನದ ಕಾಗದ ತೋರಿಸಿ." ತೋರಿಸಿದೆವು. ಒಂದು ಕೈಯಲ್ಲಿ, ತೂಗಿದ ಹೊತ್ತನ್ನು ತಕ್ಕಡಿ ತನ್ನದೇ ಗಡಿಯಾರದಿಂದ ಅಚ್ಚುಹಾಕಿದ ಚೀಟಿ, ಇನ್ನೊಂದು ಕೈಯಲ್ಲಿ ಕ್ರೊಮ್ಯಾಟೊಗ್ರಾಮ್ ಹಿಡಿದು ಬಹಳ ಹೊತ್ತು ನೋಡಿ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಆ ಎರಡು ಹೊತ್ತುಗಳ ಪ್ರಕಾರ ಸ್ಯಾಂಪಲ್ಲನ್ನು ತೂಗುವ ಮೊದಲೇ ಅದು ಯಂತ್ರದೊಳಗೆ ಹೋಗಿತ್ತು.

"ಇನ್ನೂ ತೂಗದೇ ಇರುವುದನ್ನು ನೀವು ಹೇಗೆ ಹಾಕಿದಿರಿ?" ಎಂದು ಪದ್ಮಜಳನ್ನು ಕೇಳಿದಳು. ಕಾಗದದ ಮೇಲಿದ್ದದ್ದು ಪದ್ಮಜಳ ಹೆಸರು.

ಪದ್ಮಜ ಕಾಗದ ನೋಡಿದಳು. "ಗೊತ್ತಿಲ್ಲ" ಎಂದಳು. ಇನ್ನೊಮ್ಮೆ ಕೇಳಿದರೂ ಅದೇ.

ಇಂಥ ಉತ್ತರಕ್ಕೆ ನಮ್ಮ ಉದ್ಯೋಗದಲ್ಲಿ ಒಂದೇ ಅರ್ಥ. ಬೇರೆ ಯಾವುದೋ ಹಳೆಯ ಸ್ಯಾಂಪಲ್ಲಿನ ಪೀಕನ್ನು ತಂದು ಇದಕ್ಕೆ ಅಂಟಿಸಿದ್ದಾಳೆ, ಡೇಟಾ ಸೃಷ್ಟಿಸಿದ್ದಾಳೆ. ವರದಿಯಲ್ಲಿ ಹಾಗೆಂದು ಬಿದ್ದರೆ ಅವಳನ್ನು ಅಂದೇ ಮನೆಗೆ ಕಳುಹಿಸುತ್ತಾರೆ, ಮುಂದೆ ಯಾವ ಪ್ರಯೋಗಾಲಯವೂ ಒಳಗೆ ಸೇರಿಸುವುದಿಲ್ಲ. ಅಪ್ಪ ಇಲ್ಲದ ಹುಡುಗಿ, ಓದಿದ್ದೇ ಇದೊಂದು.

ಅವಳನ್ನು ನನ್ನ ಕೋಣೆಗೆ ಕರೆದು ಬಾಗಿಲು ಹಾಕಿದೆ. ಆಗ ಹೇಳಿದಳು, ಗಡಿಯಾರ ಹಿಂದಕ್ಕೆ ಹೋದ ಕಥೆಯನ್ನು.

"ಮತ್ತೆ ಆಕೆಯ ಮುಂದೆ ಯಾಕೆ ಹೇಳಲಿಲ್ಲ?"

"ಎಲಾ ಚೆಪ್ತಾನಂಡಿ?" ಎಂದಳು. ಹೇಗೆ ಹೇಳಲಿ ಎಂದು. "ಗುರುವು ಗಾರಿ ಹೆಸರು ಆ ಹೊರದೇಶದವರ ಕಾಗದದಲ್ಲಿ ಬರೆಸಲಾ ಮೇಡಂ? ನಂಗೆ ಪೀಕು ನೋಡೋಕೆ ಕಲಿಸಿದ್ದೇ ಅವರು."

ನಮ್ಮ ಗುಣಮಟ್ಟ ವಿಭಾಗದ ಮುಖ್ಯಸ್ಥರು ರೆಡ್ಡಿ ಗಾರು, ಲೆಕ್ಕದ ಮನುಷ್ಯ. ಅವರ ಬಳಿ ಹೋಗಿ ಎಲ್ಲ ಹೇಳಿದೆ.

"ಮೇಡಂ, ನೀವು ಕಣ್ಣಾರೆ ನೋಡಿದಿರಾ?"

"ಇಲ್ಲ. ಗೇಟಿನಲ್ಲಿದ್ದೆ."

"ಕಂಪ್ಯೂಟರಿನಲ್ಲಿ ಗಡಿಯಾರ ಬದಲಾದ ಗುರುತು?"

"ಆ ಕಂಪ್ಯೂಟರು ಬದಲಾಗಿದೆ. ಹಳೇದರಲ್ಲಿ ಏನೂ ಉಳಿಸಿಲ್ಲ."

"ಸೆಲ್ವಂ?"

"ಕೆಲಸ ಬಿಟ್ಟು ಹೊರದೇಶಕ್ಕೆ ಹೋಗಿದ್ದಾನೆ, ಫೋನ್ ಹೋಗ್ತಿಲ್ಲ."

"ಹಾಗಾದರೆ ಹುಡುಗಿ ತಪ್ಪಿಸಿಕೊಳ್ಳೋಕೆ ಕಥೆ ಕಟ್ತಿದ್ದಾಳೆ ಅಂತಾರೆ. ಮಾಡಿದವರೇ ಬಂದು ಹೇಳಬೇಕು. ನಾಡಿದ್ದು ಮಧ್ಯಾಹ್ನ ಕೊನೆಯ ಮೀಟಿಂಗ್, ಆಮೇಲೆ ಆಕೆ ಹೊರಡ್ತಾರೆ." ಫೈಲು ಮುಚ್ಚಿ, "ಮೂರ್ತಿ ಗಾರು ಬರ್ತಾರಾ?" ಎಂದರು. ಅವರ ದನಿಯಲ್ಲಿ ನಂಬಿಕೆಯೇನೂ ಇರಲಿಲ್ಲ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಚಪ್ಪಲಿ ಬಿಚ್ಚುತ್ತ, "ಅಲ್ಲಾ, ಗಡಿಯಾರ ಯಾರ ಬೇಕಾದ್ರೂ ಮುಟ್ಟೂ ಹಂಗ ಯಾಕ ಇಟ್ಟಿದ್ರಿ? ನಮ್ಮ ಬ್ಯಾಂಕಿನ್ಯಾಗ ತಾರೀಕು ಮುಟ್ಟಿದ್ರ ಮ್ಯಾನೇಜರನ ನೌಕರಿ ಹೋಗ್ತದ" ಎಂದರು.

"ಬ್ಯಾಂಕಿನ ಸುದ್ದಿ ಇರ್ಲಿ. ಫೋನ್ ಮಾಡ್ಲೋ, ಹೋಗ್ಲೋ ಹೇಳ್ರಿ."

"ಇಂಥಾ ಮಾತು ಫೋನಿನ್ಯಾಗ ಕೇಳೂದಲ್ಲ. ಹೋಗು. ಆದ್ರ ಜುಲುಮಿ ಮಾಡಬ್ಯಾಡ, ಹಿರೇರು."

ಮರುದಿನ ಬೆಳಗಿನ ರೈಲು ಹತ್ತಿದೆ. ವಿಜಯವಾಡ ತಲುಪಿದಾಗ ಮಧ್ಯಾಹ್ನದ ಬಿಸಿಲು, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅವರ ಮನೆ ಇರುವುದು ಇಂದ್ರಕೀಲಾದ್ರಿ ಬೆಟ್ಟ ಕಾಣುವ ಒಂದು ಗಲ್ಲಿಯಲ್ಲಿ. ಬಾಗಿಲು ತೆರೆದವರೇ, "ಬಾರೇ ಗಿರಿಜಾ. ಬಿಸಿಲಲ್ಲಿ ಕುಣಿದುಕೊಂಡು ಬಂದಿದ್ದೀಯ. ಕಾಲು ತೊಳ್ಕೋ" ಎಂದರು. ಅವರ ಹೆಂಡತಿ ಕಾಮಾಕ್ಷಮ್ಮ ಮಜ್ಜಿಗೆ ತಂದಿಟ್ಟರು.

ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳುತ್ತ ಕೇಳುತ್ತ ಮಜ್ಜಿಗೆಯ ಲೋಟವನ್ನು ತಿರುಗಿಸುತ್ತಿದ್ದರು.

"ಒಂದು ಗಂಟೆ ಕಣೇ," ಎಂದರು ಕೊನೆಗೆ. "ಪೀಕು ಮುಟ್ಟಲಿಲ್ಲ. ತೂಕ ಮುಟ್ಟಲಿಲ್ಲ. ನೆಲ ಮುಟ್ಟಲಿಲ್ಲ. ಗಡಿಯಾರ ಕದಾ, ಗಡಿಯಾರ ಅಲ್ವಾ ನಾನು ಮುಟ್ಟಿಸಿದ್ದು?"

"ಈಗ ಗಡಿಯಾರಾನೂ ಡೇಟಾನ ಆಗೇದ ಸರ್."

"ಯಾವಾಗಿಂದ?"

ಯಾವಾಗಿಂದ ಎಂದು ಯಾರೂ ಬಂದು ನಮಗೆ ಹೇಳಿರಲಿಲ್ಲ. ಯಂತ್ರಗಳು ಬದಲಾಗುವಾಗ ಹೊಸ ಗುಂಡಿಗಳನ್ನು ತೋರಿಸುತ್ತಾರೆ, ಯಾವುದು ಹೊಸದಾಗಿ ಸತ್ಯವಾಯಿತು ಎಂದು ತೋರಿಸುವುದಿಲ್ಲ.

ಕಾಮಾಕ್ಷಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ತೆಲುಗಿನಲ್ಲಿ ಹೇಳಿದರು: "ಗಿರಿಜಾ ಗಾರು, ಇಲ್ಲಿ ಆಹಾರ ಪರೀಕ್ಷೆಯ ಲ್ಯಾಬಿನವರು ಇವರನ್ನ ಸಲಹೆಗಾರ ಅಂತ ಇಟ್ಟುಕೊಂಡಿದ್ದಾರೆ. ಇವರ ಹೆಸರಿನ ಮೇಲೇ ಅವರಿಗೆ ಮಾನ್ಯತೆ ಸಿಗಬೇಕು. ಇವರೇ ಹೋಗಿ ನಾನು ಗಡಿಯಾರ ತಿರುಗಿಸಿದೆ ಅಂತ ಒಪ್ಪಿಕೊಂಡರೆ ಆ ಬೋರ್ಡಿನ ಮೇಲೆ ಇವರ ಹೆಸರು ಉಳಿಯುತ್ತಾ? ಈ ವಯಸ್ಸಿನಲ್ಲಿ ಆ ದೊರಸಾನಿ ಮುಂದೆ ಕೈ ಕಟ್ಟಿ ನಿಲ್ಲಬೇಕಾ?"

ಅವರ ಮಾತಿನಲ್ಲಿ ತಪ್ಪೇನಿತ್ತು?

"ಆ ಹುಡುಗಿ ನನ್ನ ಹೆಸರು ಹೇಳಲಿಲ್ಲವಾ?" ಮೂರ್ತಿ ಗಾರು ಕೇಳಿದರು.

"ಇಲ್ಲ ಸರ್. ಎರಡು ಸಲ ಕೇಳಿದ್ರು. ಗೊತ್ತಿಲ್ಲ ಅಂದ್ಲು."

"ಹುಚ್ಚು ಹುಡುಗಿ" ಎಂದರು. ಹೊರಡುವಾಗ ಗೇಟಿನ ತನಕ ಬಂದು, "ನೀನು ನಾಳೆ ಬೆಳಿಗ್ಗೆ ರೈಲಿಗೆ ಹೋಗಮ್ಮಾ. ನಾನು ಯೋಚನೆ ಮಾಡಬೇಕು" ಎಂದರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲೂ ಇಲ್ಲ. ನಮ್ಮವರ ಮಾತು ನೆನಪಾಗಿ ನಾನೂ ಒತ್ತಾಯಿಸಲಿಲ್ಲ.

ಆ ರಾತ್ರಿ ವಿಜಯವಾಡದಲ್ಲೇ ಇರುವ, ನಮ್ಮವರ ಬ್ಯಾಂಕಿನ ದಾವಣಗೆರೆ ಕಡೆಯ ಸ್ನೇಹಿತರೊಬ್ಬರ ಮನೆಯಲ್ಲಿ ಉಳಿದೆ. ಅವರ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು, ನನ್ನ ಮಗಳ ಹಾಗೆಯೇ. ಬೆಳಿಗ್ಗೆ ಸ್ಟೇಷನ್ನಿಗೆ ಹೋದರೆ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಮೂರ್ತಿ ಗಾರು ಕೂತಿದ್ದರು. ತೊಡೆಯ ಮೇಲೆ ಟಿಫಿನ್ ಡಬ್ಬಿ.

"ಕಾಮಾಕ್ಷಿ ಇಡ್ಲಿ ಕಟ್ಟಿದ್ದಾಳೆ. ಇವತ್ತು ಹೊರಡೋ ಹೊತ್ತಿಗೆ ವರ್ಜ್ಯ ಇದೆ, ಕೆಟ್ಟ ಹೊತ್ತು ಅಂದಳು. ರೈಲಿಗೆ ವರ್ಜ್ಯ ಇಲ್ಲ ಕದಾ ಅಂದೆ."

ದಾರಿಯಲ್ಲಿ ಇಡ್ಲಿ ತಿಂದೆವು. ತಪಾಸಣೆಯ ಮಾತು ಎತ್ತಲೇ ಇಲ್ಲ. ಅವರ ತಾಯಿ ಬಳ್ಳಾರಿಯಲ್ಲಿ ಹೇಗೆ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು ಅನ್ನುವುದನ್ನು ಹೇಳುತ್ತ ಬಂದರು.

ಕೊನೆಯ ಮೀಟಿಂಗಿನ ಕೋಣೆಗೆ ಅವರು ಕಾಲಿಟ್ಟಾಗ ಪದ್ಮಜ ಎದ್ದು ನಿಂತಳು. ಅವರು ಅವಳ ಕಡೆ ನೋಡದೆ ನೇರವಾಗಿ ಮೇಜಿನ ತನಕ ಹೋಗಿ, ಆ ಎರಡು ಕಾಗದಗಳನ್ನು ಕೇಳಿ ತೆಗೆದುಕೊಂಡು, ತನಿಖಾಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಿದರು: ತಕ್ಕಡಿ ಸರಿ ಹೇಳುತ್ತಿದೆ, ಕಂಪ್ಯೂಟರು ತಪ್ಪು ಹೇಳುತ್ತಿದೆ, ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕಿಸಿ ತಪ್ಪು ಹೇಳಿಸಿದ್ದು ನಾನು, ಈ ಹುಡುಗಿ ನಾನು ಹೇಳಿದ್ದನ್ನು ಮಾಡಿದಳು, ಕೆಳಗೆ ಪರಿಶೀಲಿಸಿದವರ ಸಹಿಯೂ ನನ್ನದೇ.

"ಯಾಕೆ ಹಿಂದಕ್ಕೆ ಹಾಕಿಸಿದಿರಿ?"

ಮುಹೂರ್ತ ಅಂದರೇನು ಎಂದು ವಿವರಿಸಿದರು. ಪಾಠ ಹೇಳುವವರ ಹಾಗೆ, ನಿಧಾನವಾಗಿ. ರೆಡ್ಡಿ ಗಾರು ಕಣ್ಣು ಮುಚ್ಚಿಕೊಂಡಿದ್ದರು. ಯಜಮಾನರು ಅಲ್ಲೇ ಕೂತಿದ್ದರು. ತಮ್ಮ ದೇವರ ಗೂಡಿನ ಪಕ್ಕದ ಕಾಗದದ ಕಥೆ ಅವರಿಗೆ ತಿಳಿದದ್ದು ಆಗಲೇ.

ಆಕೆ ಬರೆಯುವುದನ್ನು ನಿಲ್ಲಿಸಿ, "ಅದು ಒಳ್ಳೆಯ ಹೊತ್ತೇ ಆಗಿತ್ತೇ?" ಎಂದು ಕೇಳಿದಳು. ಕುಹಕವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ ಹಾಗಿತ್ತು.

"ಯಂತ್ರಕ್ಕೆ ಒಳ್ಳೆಯದಾಗಿತ್ತು, ಇನ್ನೂ ಚೆನ್ನಾಗಿ ನಡೆಯುತ್ತಿದೆ" ಎಂದರು ಮೂರ್ತಿ ಗಾರು. "ಈ ಹುಡುಗಿಗೆ ಆಗಿರಲಿಲ್ಲ."

ಆಕೆ ಪದ್ಮಜಳನ್ನು ಕೇಳಿದಳು, ಇದು ನಿಜವೇ ಎಂದು. ಪದ್ಮಜ ಮೂರ್ತಿ ಗಾರ ಕಡೆ ನೋಡಿದಳು. ಅವರು ತಲೆಯಾಡಿಸಿದ ಮೇಲೆ, "ಹೌದು" ಎಂದಳು.

ವರದಿಯಲ್ಲಿ ಕಂಪನಿಗೆ ಬೈಗುಳ ಬಿತ್ತು, ಬೀಳಲೇಬೇಕಿತ್ತು. ಗಡಿಯಾರಗಳಿಗೆ ಬೀಗ ಹಾಕಿಸಿದೆವು, ಆ ಮಾತ್ರೆಯ ಸ್ಯಾಂಪಲ್ಲನ್ನು ಮತ್ತೆ ಪರೀಕ್ಷಿಸಿದೆವು, ಮೊದಲು ಬಂದ ಫಲಿತಾಂಶವೇ ಬಂತು. ಪದ್ಮಜಳ ಹೆಸರು ವರದಿಯಲ್ಲಿ ಎಲ್ಲೂ ಇರಲಿಲ್ಲ. ಯಜಮಾನರು ಚೌಕಟ್ಟನ್ನು ಇಳಿಸಿದರು. ಗೋಡೆಯಲ್ಲಿ ಮೊಳೆ ಉಳಿಯಿತು, ಅದಕ್ಕೆ ಅವರು ಒಂದು ಕ್ಯಾಲೆಂಡರು ಸಿಕ್ಕಿಸಿದರು.

ವಿಜಯವಾಡಕ್ಕೆ ಮರಳಿದ ಮೂರ್ತಿ ಗಾರು ತಾವಾಗಿಯೇ ಆ ಲ್ಯಾಬಿನವರಿಗೆ ನಡೆದದ್ದನ್ನು ಹೇಳಿದರು. ಅವರು ಮರ್ಯಾದೆಯಿಂದಲೇ ಬೋರ್ಡಿನ ಮೇಲಿನ ಹೆಸರು ಬದಲಿಸಿದರು. ಆಮೇಲೆ ಮೂರ್ತಿ ಗಾರು ಮನೆಯ ಜಗುಲಿಯಲ್ಲೇ ಕಾಲೇಜಿನ ಹುಡುಗರಿಗೆ ಕ್ರೊಮ್ಯಾಟೊಗ್ರಫಿ ಹೇಳಿಕೊಡಲು ಶುರುಮಾಡಿದರು. ಸುಟ್ಟ ಪಂಪನ್ನು ನಾನೇ ಕಟ್ಟಿ ಕಳುಹಿಸಿದೆ. ಗಡಿಯಾರದ ಕಥೆಯನ್ನೂ ಅವರು ಪಾಠದಲ್ಲಿ ಸೇರಿಸಿದ್ದಾರೆಂದು ಹುಡುಗರು ಹೇಳುತ್ತಿದ್ದರು. ಕಾಮಾಕ್ಷಮ್ಮ ನನ್ನ ಜೊತೆ ಸ್ವಲ್ಪ ಕಾಲ ಮಾತು ಕಡಿಮೆ ಮಾಡಿದ್ದರು. ಆಮೇಲೆ ಒಂದು ಸಂಕ್ರಾಂತಿಗೆ ಅರಿಸೆಲು, ನಮ್ಮ ಕಜ್ಜಾಯ, ಮಾಡಿ ಕಳುಹಿಸಿದರು.

ನಾನು ನಿವೃತ್ತಳಾದ ಮೇಲೆ ಒಂದು ದಿನ ಪದ್ಮಜ ಫೋನು ಮಾಡಿದಳು. ವಿಜಯವಾಡದ ಪಕ್ಕದ ಗನ್ನವರಂ ಹತ್ತಿರ ಹೊಸದಾಗಿ ಆದ ಆಹಾರ ಪರೀಕ್ಷೆಯ ಪ್ರಯೋಗಾಲಯಕ್ಕೆ ಅವಳೇ ಮುಖ್ಯಸ್ಥೆ. ಹೊಸ ಮಾಸ್ ಸ್ಪೆಕ್ಟ್ರೋಮೀಟರ್ ಬಂದಿದೆ, ಪೂಜೆಗೆ ಬರಬೇಕು ಎಂದಳು. ಹೋದೆ. ಮೂರ್ತಿ ಗಾರೂ ಬಂದಿದ್ದರು, ಕೋಲು ಹಿಡಿದು. ಬಾಳೆಎಲೆ, ಕಾಯಿ, ಬೆಲ್ಲ. ಕರ್ಪೂರ ಹೊರಗೆ ವರಾಂಡದಲ್ಲಿ. ಅಂದಿನ ಮೊದಲ ಸ್ಯಾಂಪಲ್ಲೂ ಅನಕಾಪಲ್ಲಿಯ ಬೆಲ್ಲವೇ, ಪೂಜೆಗಲ್ಲ, ಪರೀಕ್ಷೆಗೆ ಬಂದದ್ದು.

ಎಂಜಿನಿಯರ್ ಹುಡುಗನ ವಿಮಾನ ತಡವಾಯಿತು. ಮುಹೂರ್ತಕ್ಕೆ ಸರಿಯಾಗಿ ಪುರೋಹಿತರು ಕಾಯಿ ಒಡೆದು ಹೋದರು. ಆ ಹುಡುಗ ಓಡಿಬಂದು ಎಲ್ಲ ಸರಿಮಾಡಿ ಪರದೆಗೆ ಹಸಿರು ಬರುವ ಹೊತ್ತಿಗೆ ಒಳ್ಳೆಯ ಹೊತ್ತು ಮುಗಿದಿತ್ತು. ಯಾರೋ, ಇನ್ನೊಂದು ಗಂಟೆ ತಡೆದರೆ ಹೇಗೆ ಎಂದರು. ಪದ್ಮಜ ಮೂರ್ತಿ ಗಾರ ಕಡೆ ನೋಡಿದಳು.

ಅವರು ಬಾಳೆಹಣ್ಣು ಸುಲಿಯುತ್ತಿದ್ದರು. "ಒತ್ತಮ್ಮಾ," ಎಂದರು. "ಈಗಿನ ಹೊತ್ತೇ ಬೀಳಲಿ."

ಪದ್ಮಜ ಒತ್ತಿದಳು. ಕಾಗದದ ಮೇಲೆ ರಾಹುಕಾಲ ಅಚ್ಚಾಗಿ ಬಂತು.